ಒಂದು ನಿಮಿಷದ ಗೆರೆ ದಾಟಿದ ನಿಶಾ ಮಿಲೆಟ್

100 ಮೀಟರ್ ಫ್ರೀಸ್ಟೈಲನ್ನು ಒಂದು ನಿಮಿಷದೊಳಗೆ ಈಜಿ ಮುಗಿಸಿದ ಮೊದಲ ಭಾರತೀಯ ಮಹಿಳೆ ಬೆಂಗಳೂರಿನ ನಿಶಾ ಮಿಲೆಟ್. ಮಹಿಳೆಯರಲ್ಲಿ ಜಗತ್ತಿಗೇ ಮೊದಲು ಈ ಗೆರೆ ದಾಟಿದವರು ಆಸ್ಟ್ರೇಲಿಯಾದ ಡಾನ್ ಫ್ರೇಸರ್, 1962ರಲ್ಲಿ. ಅಲ್ಲಿಗೆ ಭಾರತದ ಹೆಣ್ಣುಮಗಳೊಬ್ಬಳು ತಲುಪಲು ಮತ್ತೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು.

ನಿಶಾ ಹುಟ್ಟಿದ್ದು 1982ರಲ್ಲಿ. ಐದನೇ ವಯಸ್ಸಿನಲ್ಲಿ ನೀರಿಗೆ ಬಿದ್ದು ಕೂದಲೆಳೆಯಲ್ಲಿ ಉಳಿದುಕೊಂಡ ಮಗಳ ಮನಸ್ಸಿನಿಂದ ಆ ಭಯ ಹೋಗಲೇಬೇಕೆಂದು ತಂದೆ ಪಟ್ಟು ಹಿಡಿದರು. 1991ರಲ್ಲಿ ಚೆನ್ನೈನ ಶೆಣೈ ನಗರದ ಕ್ಲಬ್‌ನಲ್ಲಿ ಈಜು ಕಲಿಸಿದವರೂ ಅವರೇ. ಮರುವರ್ಷ 50 ಮೀಟರ್ ಫ್ರೀಸ್ಟೈಲ್‌ನಲ್ಲಿ ರಾಜ್ಯಮಟ್ಟದ ಪದಕ ಬಂತು. 1994ರಲ್ಲಿ, ಇನ್ನೂ ಸಬ್ ಜೂನಿಯರ್ ವಯಸ್ಸಿನಲ್ಲಿರುವಾಗಲೇ, ಹಿರಿಯರ ರಾಷ್ಟ್ರೀಯ ಕೂಟದಲ್ಲಿ ಐದೂ ಫ್ರೀಸ್ಟೈಲ್ ಸ್ಪರ್ಧೆಗಳ ಚಿನ್ನ ಅವರದಾಯಿತು. ಮುಂದೆ ಬೆಂಗಳೂರಿನ ಬಸವನಗುಡಿ ಈಜುಕೇಂದ್ರದಲ್ಲಿ ಕೋಚ್ ಪ್ರದೀಪ್ ಕುಮಾರ್ ಅವರ ಗರಡಿಯಲ್ಲಿ ಪಳಗಿದರು.

ಫ್ರೀಸ್ಟೈಲ್ ಎಂದರೆ ನಿಯಮದ ಪ್ರಕಾರ ಯಾವ ಬಗೆಯಲ್ಲಾದರೂ ಈಜಬಹುದಾದ ಸ್ಪರ್ಧೆ. ಆದರೆ ಎಲ್ಲಕ್ಕಿಂತ ವೇಗದ್ದು ಕ್ರಾಲ್ ಆದ್ದರಿಂದ ಎಲ್ಲರೂ ಅದನ್ನೇ ಈಜುತ್ತಾರೆ. ಸಂಪಾಜೆಯ ಪಯಸ್ವಿನಿಯಂಥ ಹೊಳೆಯ ಕಯದಲ್ಲಿ ಈಜು ಕಲಿತವರಿಗೆ ಹೊಳೆಯ ಈಜಿಗೂ ಕ್ರಾಲ್‌ಗೂ ಇರುವ ವ್ಯತ್ಯಾಸ ಬೇಗ ತಿಳಿಯುತ್ತದೆ. ಹೊಳೆಯಲ್ಲಿ ಬಂಡೆ, ಸುಳಿ, ಎದುರು ದಡ ಕಾಣಬೇಕು. ತಲೆ ನೀರಿನ ಮೇಲೇ ಇರುತ್ತದೆ. ತಲೆ ಎತ್ತಿದಷ್ಟೂ ಸೊಂಟ, ಕಾಲು ಕೆಳಗಿಳಿಯುತ್ತವೆ, ನೀರು ಎದೆಗೆ ತಡೆಯೊಡ್ಡುತ್ತದೆ. ಕ್ರಾಲ್‌ನಲ್ಲಿ ಮುಖ ನೀರೊಳಗೆ, ಮೈ ನೀರಿನ ಮಟ್ಟಕ್ಕೆ ಸಮ. ಉಸಿರಿಗೆ ತಲೆ ಎತ್ತುವಂತಿಲ್ಲ, ಪಕ್ಕಕ್ಕೆ ಹೊರಳಿಸಬೇಕು. 50 ಮೀಟರ್‌ನ ಸ್ಪರ್ಧೆಯಲ್ಲಿ ಉಸಿರಾಟವನ್ನೂ ಬೆರಳೆಣಿಕೆಗೆ ಇಳಿಸುತ್ತಾರೆ, ಏಕೆಂದರೆ ಪ್ರತಿ ಹೊರಳಿಗೂ ಒಂದಿಷ್ಟು ವೇಗ ತೆರಬೇಕು. ಒಲಿಂಪಿಕ್ ಅಳತೆಯ ಕೊಳದಲ್ಲಿ 100 ಮೀಟರ್ ಎಂದರೆ ಹೋಗಿ ಬರುವುದು. ನಡುವೆ ಗೋಡೆಯ ಬಳಿ ಲಾಗ ಹಾಕಿ, ಕಾಲಲ್ಲಿ ಒದ್ದು ತಿರುಗಬೇಕು. ಜಿಗಿತದ ನಂತರವೂ ತಿರುವಿನ ನಂತರವೂ 15 ಮೀಟರ್‌ನೊಳಗೆ ತಲೆ ಮೇಲೆ ಬರಲೇಬೇಕು. ಹೊಳೆಯಲ್ಲಿ ಎಷ್ಟು ಗಟ್ಟಿ ಈಜುಗಾರನಾದರೂ ಈ ತಿರುವು, ಈ ಗಡಿಯಾರ ಕೊಳದಲ್ಲಷ್ಟೇ ಸಿಗುತ್ತವೆ.

1998ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ನಿಶಾ ಭಾರತವನ್ನು ಪ್ರತಿನಿಧಿಸಿದರು. 1999ರಲ್ಲಿ ಮಣಿಪುರದ ರಾಷ್ಟ್ರೀಯ ಕ್ರೀಡಾಕೂಟದಲ್ಲಿ ಒಬ್ಬರೇ 14 ಚಿನ್ನ ಗೆದ್ದರು. ಒಂದೇ ಕೂಟದಲ್ಲಿ ದಿನವೂ ಹಲವು ಸಲ ನೀರಿಗಿಳಿದು, ಪ್ರತಿ ಸಲವೂ ಮೊದಲಿಗರಾಗಿ ಗೋಡೆ ಮುಟ್ಟುವುದು ಸಣ್ಣ ಮಾತಲ್ಲ. ಅವರ ವೃತ್ತಿಯ ಅತಿ ದೊಡ್ಡ ವಾರ ಇದೇ ಎನ್ನಬೇಕು. 2000ದಲ್ಲಿ ಸಿಡ್ನಿ ಒಲಿಂಪಿಕ್ಸ್‌ನ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಈಜಿದರು. ಅರ್ಜುನ ಪ್ರಶಸ್ತಿಯೂ ಬಂತು.

2002ರಲ್ಲಿ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಕ್ರಾಲ್ ಈಜುವವರಿಗೆ ಬೆನ್ನೇ ಅಚ್ಚು. ಭುಜದ ಎಳೆತವೂ ಕಾಲಿನ ಬಡಿತವೂ ಅಲ್ಲೇ ಕೂಡುತ್ತವೆ. ಹಳೆಯ ಕಸುವು ಪೂರ್ತಿ ಮರಳಲಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸ್‌ನ ಅರ್ಹತೆ ಸ್ವಲ್ಪದರಲ್ಲೇ ತಪ್ಪಿತು. ಆ ವರ್ಷ ಅಥೆನ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್‌ಗೆ ಇಳಿದವರು ಬೆಂಗಳೂರಿನವರೇ ಆದ ಶಿಖಾ ಟಂಡನ್. ಸ್ಪರ್ಧೆಯಿಂದ ಹಿಂದೆ ಸರಿದ ಮೇಲೆ ನಿಶಾ ಬೆಂಗಳೂರಿನಲ್ಲಿ ಈಜುಶಾಲೆ ತೆರೆದು ಮಕ್ಕಳಿಗೂ ದೊಡ್ಡವರಿಗೂ ಕಲಿಸತೊಡಗಿದರು. ನೀರಿಗೆ ಹೆದರಿದ್ದ ಮಗುವೊಂದು ಬೆಳೆದು ಇತರರ ಹೆದರಿಕೆ ಬಿಡಿಸುವ ಈ ಕೆಲಸಕ್ಕೆ ಪದಕಗಳಷ್ಟೇ ಬೆಲೆಯಿದೆ.

ನಿಶಾ ಸಿಡ್ನಿಯಲ್ಲಿ ಈಜಿದ ಅದೇ 200 ಮೀಟರ್ ಫ್ರೀಸ್ಟೈಲ್‌ನಲ್ಲಿ, 24 ವರ್ಷಗಳ ನಂತರ, ಪ್ಯಾರಿಸ್ ಒಲಿಂಪಿಕ್ಸ್‌ನ ಕೊಳಕ್ಕೆ ಜಿಗಿದದ್ದು ಬೆಂಗಳೂರಿನ ಧೀನಿಧಿ ದೇಸಿಂಗು. ಆಗ ಆಕೆಗೆ 14 ವರ್ಷ. ಭಾರತದ ತಂಡದಲ್ಲಿ ಎಲ್ಲರಿಗಿಂತ ಕಿರಿಯಳು.