ಮೈಯ ಸಂಜ್ಞೆ, ಯಂತ್ರದ ಗಾನ

ಶಸ್ತ್ರಚಿಕಿತ್ಸೆಯ ಕೊಠಡಿಯಲ್ಲಿ ಒಂದು ಗಳಿಗೆ ನಿಂತಿದ್ದವರು ಅಲ್ಲಿಯ ಒಂದು ಸಣ್ಣ ನಾದವನ್ನು ಮರೆತಿರಲಾರರು. ರೋಗಿಯ ಬೆರಳಿಗೆ ಸಿಕ್ಕಿಸಿದ ಉಪಕರಣವು ನಾಡಿಯ ಒಂದೊಂದು ಮಿಡಿತಕ್ಕೂ ಒಂದೊಂದು ಸ್ವರವನ್ನು ಹೊರಡಿಸುತ್ತಿರುವುದು. ರಕ್ತದಲ್ಲಿ ಆಮ್ಲಜನಕವು ಇಳಿದರೆ ಸ್ವರವೂ ಇಳಿಯುವುದು. ಅರಿವಳಿಕೆಯ ವೈದ್ಯರ ಕಣ್ಣು ಬೇರೆಡೆಯಲ್ಲಿದ್ದರೂ ಕಿವಿಯು ಅಪಾಯವನ್ನು ಗುರುತಿಸುವುದು. ಜಪಾನಿನ ತಾಕುಓ ಅಯೊಯಾಗಿ ಮಹಾಶಯರು 1974ರಲ್ಲಿ ವಿದ್ವಾಂಸರ ಮುಂದಿಟ್ಟ ತತ್ತ್ವದಿಂದ ಬೆಳೆದು ಬಂದ ಯಂತ್ರವಿದು. ದೇಹದ ಸಂಜ್ಞೆಯನ್ನು ನಾದವಾಗಿ ಮಾರ್ಪಡಿಸುವ ವಿದ್ಯೆಯು ಹೀಗೆ ಆಗಲೇ ನಮ್ಮ ಆಸ್ಪತ್ರೆಗಳನ್ನು ಹೊಕ್ಕಿರುವುದಾಗಿದೆ.

ನಾಡಿಯಲ್ಲಿ ನಡೆಯನ್ನು ಕಂಡವರು ನಮ್ಮಲ್ಲಿಯೂ ಇದ್ದರು. ಶಾರ್ಙ್ಗಧರ ಸಂಹಿತೆಯು ವಾತದ ನಾಡಿಯನ್ನು ಹಾವಿನ ಗತಿಗೂ, ಪಿತ್ತದ ನಾಡಿಯನ್ನು ಕಪ್ಪೆಯ ಗತಿಗೂ, ಕಫದ ನಾಡಿಯನ್ನು ಹಂಸದ ಗತಿಗೂ ಹೋಲಿಸಿರುವುದು. ಆದಕಾರಣ ಸಕಲವೂ ಪೂರ್ವಿಕರಿಗೆ ತಿಳಿದಿತ್ತೆಂದು ಬೀಗುವವರ ಪಂಕ್ತಿಯಲ್ಲಿ ನಾವು ಕುಳಿತವರಲ್ಲ. ವೈದ್ಯನ ಬೆರಳಿಗೆ ತಿಳಿದುದು ರೋಗಿಯ ತಾಯಿಗೆ ತಿಳಿಯುತ್ತಿರಲಿಲ್ಲ. ಹೊಸ ಪ್ರಯತ್ನದ ವಿಶೇಷವು ಇಲ್ಲಿಯೇ ಇದೆ.

ಮನುಷ್ಯನ ಮಿದುಳಿನ ವಿದ್ಯುತ್ ತರಂಗಗಳನ್ನು ಕುರಿತು ಜರ್ಮನಿಯ ಹಾನ್ಸ್ ಬರ್ಗರ್ ತಮ್ಮ ಮೊದಲ ಲೇಖನವನ್ನು ಪ್ರಕಟಿಸಿದುದು 1929ರಲ್ಲಿ. 1957ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಹಿಲ್ಲರ್ ಮತ್ತು ಐಸಾಕ್ಸನ್ ಎಂಬವರು ಗಣಕಯಂತ್ರದಿಂದ ತಂತಿವಾದ್ಯಗಳಿಗೆ ಸಂಗೀತವನ್ನು ರಚಿಸಿದರು. 1965ರಲ್ಲಿ ಆಲ್ವಿನ್ ಲೂಸಿಯರ್ ಎಂಬ ರಚನಕಾರರು ಸಭೆಯ ಮುಂದೆ ನಿಶ್ಚಲವಾಗಿ ಕುಳಿತು, ತಮ್ಮ ಮಿದುಳಿನ ತರಂಗಗಳಿಂದಲೇ ಚರ್ಮವಾದ್ಯಗಳು ಕಂಪಿಸುವಂತೆ ಮಾಡಿದರು. ಅಂದು ಅದು ಕಲಾವಿದನ ಕುತೂಹಲವಾಗಿತ್ತು.

ಅದು ಶುಶ್ರೂಷೆಯ ಸಾಧನವಾದ ಬಗೆಯನ್ನು ಕೆನಡಾ ದೇಶದ ಟೊರಾಂಟೊ ನಗರದಲ್ಲಿ ನೋಡಬಹುದು. ಮಾತು, ಸನ್ನೆ, ಮುಖಭಾವ ಇವು ಯಾವುವೂ ವಶದಲ್ಲಿಲ್ಲದ ಅತ್ಯಂತ ತೀವ್ರ ಅಂಗವೈಕಲ್ಯದ ಮಕ್ಕಳುಂಟು. ಅವರು ನೋಯುತ್ತಿರುವರೋ ನಲಿಯುತ್ತಿರುವರೋ ಎಂಬುದು ಹೆತ್ತವರಿಗೂ ಊಹೆಯೇ. ಅಲ್ಲಿಯ ಹಾಲಂಡ್ ಬ್ಲೂರ್‌ವ್ಯೂ ಮಕ್ಕಳ ಆಸ್ಪತ್ರೆಯ ಟಾಮ್ ಚೌ ಅವರ ಪ್ರಯೋಗಶಾಲೆಯಲ್ಲಿ ಸ್ಟೆಫನಿ ಬ್ಲೇನ್-ಮೊರೇಸ್ ಮೊದಲಾದವರು 'ಬಯೋಮ್ಯೂಸಿಕ್' ಎಂಬ ವ್ಯವಸ್ಥೆಯನ್ನು ರೂಪಿಸಿ, 2013ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಚರ್ಮದ ಸೂಕ್ಷ್ಮವಾದ ಬೆವರು, ಮೈಯ ಬಿಸುಪು, ಎದೆಯ ಬಡಿತ, ಉಸಿರು ಇವನ್ನು ಉಪಕರಣಗಳು ಅಳೆಯುವುವು; ಗಣಕಯಂತ್ರವು ಆ ಕ್ಷಣದಲ್ಲಿಯೇ ಅವನ್ನು ಸಂಗೀತವಾಗಿಸುವುದು. ಎದೆಯ ಬಡಿತವೇ ತಾಳ. ಬೆವರಿನ ವ್ಯತ್ಯಾಸದಂತೆ ಸ್ವರಗಳು ಏರಿ ಇಳಿಯುವುವು. ಬಳಿಗೆ ಯಾರೋ ಬಂದಾಗ ಮಗುವಿನ ಮುಖವು ಕಲ್ಲಿನಂತಿದ್ದರೂ ಗಾನವು ಬದಲಾದೀತು.

ಪರಿಣಾಮವನ್ನು ಕಂಡುದು ಮುಖ್ಯವಾಗಿ ಮಗುವಿನ ಬಳಿಯಲ್ಲಿದ್ದವರಲ್ಲಿ. ಹಾಸಿಗೆಯ ಮೇಲೆ ಒಂದು ಜೀವವಿದೆ, ಅದು ತಮಗೆ ಓಗೊಡಬಲ್ಲುದು ಎಂಬ ಅರಿವು ಆರೈಕೆಯವರಿಗೆ ಉಂಟಾಯಿತು. ಇಂತಹ ಮಕ್ಕಳೆದುರಿಗೆ, ಅವರು ಅಲ್ಲಿ ಇಲ್ಲವೆಂಬಂತೆ ದೊಡ್ಡವರು ಮಾತನಾಡುವುದನ್ನು ಯಾರು ಕೇಳಿಲ್ಲ?

ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾನಿಲಯದ ಎಡ್ವಾರ್ಡೊ ಮಿರಾಂಡ ಅವರು ಹಿಡಿದ ದಾರಿ ಬೇರೆ. ಅವರದರಲ್ಲಿ ರೋಗಿಯೇ ಆರಿಸುವವನು. ಪರದೆಯ ಮೇಲೆ ನಾಲ್ಕು ಚಿತ್ರಗಳು ಬೇರೆಬೇರೆ ವೇಗದಲ್ಲಿ ಮಿನುಗುತ್ತಿರುವುವು. ರೋಗಿಯು ಯಾವುದನ್ನು ದಿಟ್ಟಿಸುವನೋ ಅದೇ ವೇಗದ ತರಂಗವು ಮಿದುಳಿನ ಹಿಂಭಾಗದಲ್ಲಿ ಏಳುವುದು. ತಲೆಗೆ ತೊಡಿಸಿದ ಟೊಪ್ಪಿಗೆಯು ಅದನ್ನು ಹಿಡಿಯುವುದು. ಆ ಚಿತ್ರಕ್ಕೆ ಸೇರಿದ ಸ್ವರಪಂಕ್ತಿಯು ವಾದಕನ ಮುಂದೆ ಮೂಡುವುದು. 2015ರಲ್ಲಿ ಲಂಡನ್ನಿನ ಪಟ್ನಿಯ ನರರೋಗಿಗಳ ಆಸ್ಪತ್ರೆಯಲ್ಲಿ, ಕೈಕಾಲಾಡದ ನಾಲ್ವರು ಹೀಗೆ ಆರಿಸಿದುದನ್ನು ನಾಲ್ವರು ತಂತಿವಾದಕರು ನುಡಿಸಿದರು.

ಈ ವಿದ್ಯೆಯ ಹೆಸರಿನಲ್ಲಿ ಸಂತೆಯ ಮದ್ದಿನ ವ್ಯಾಪಾರವೂ ನಡೆಯಬಹುದೆಂಬುದನ್ನು ಹೇಳದಿರಲಾಗದು. ಇಂಥ ರಾಗಕ್ಕೆ ಇಂಥ ರೋಗವೆಂದು ಪಟ್ಟಿ ಕೊಡುವವರನ್ನು ನಾವು ಕಂಡಿರುವೆವಷ್ಟೆ. ಮೇಲಿನ ಎರಡು ಪ್ರಯತ್ನಗಳೂ ವ್ಯಾಧಿಯನ್ನು ಕಳೆಯುವುವಲ್ಲ. ಇನ್ನೂ ಒಂದು ತೊಡಕುಂಟು. ಬೆವರು ಹೆಚ್ಚಿದುದು ಭಯದಿಂದಲೂ ಆಗಿರಬಹುದು, ಸಂತೋಷದಿಂದಲೂ ಆಗಿರಬಹುದು. ಯಂತ್ರವು ಕಲಕಾಟವನ್ನು ಹೇಳೀತೇ ಹೊರತು ಅದರ ಕಾರಣವನ್ನು ಹೇಳದು. ಕಾರಣವನ್ನು ಅರಿಯಲು ಮಂಚದ ಬಳಿಯಲ್ಲಿ ಮನುಷ್ಯರೇ ಕುಳಿತಿರಬೇಕು. ಯಂತ್ರ ಬಂದಿತೆಂದು ದಾದಿಯರ ಸಂಖ್ಯೆಯನ್ನು ತಗ್ಗಿಸಹೊರಡುವ ಅಧಿಕಾರಿಗಳು ಇದನ್ನು ಗಮನಿಸತಕ್ಕದ್ದು.

ನಾವು ನೀವು ಮನಸ್ಸಿನ ತಳಮಳವನ್ನು ಮುಗುಳ್ನಗೆಯ ಹಿಂದೆ ಮರೆಸಬಲ್ಲೆವು. ಮೈಯೇ ಹಾಡತೊಡಗಿದ ಮಗುವಿಗೆ ಆ ಮರೆಯಿಲ್ಲ. ಬಂದುಹೋಗುವ ನೆಂಟರೆಲ್ಲರ ಮುಂದೆ ಅದರ ಅಂಜಿಕೆಯು ಗಟ್ಟಿಯಾಗಿ ನುಡಿಯಬೇಕೆ? ನಾದವನ್ನು ಯಾವಾಗ ನಿಲ್ಲಿಸಬೇಕೆಂಬುದನ್ನು ಆ ಮಗುವು ಹೇಳಲಾರದು. ಆದುದರಿಂದ ಇಂತಹ ಯಂತ್ರವನ್ನು ಮಂಚದ ಬಳಿಗೆ ತರುವುದಕ್ಕೆ ಮುಂಚೆಯೇ, ಅದನ್ನು ಯಾರೆದುರಿಗೆ ನುಡಿಸಬಹುದು, ಯಾರು ನಿಲ್ಲಿಸಬೇಕು ಎಂಬುದನ್ನು ಹೆತ್ತವರೂ ವೈದ್ಯರೂ ಕೂಡಿ ಕುಳಿತು ಗೊತ್ತುಮಾಡಿಕೊಳ್ಳುವುದು ಅವಶ್ಯವೆಂದು ನಮ್ಮ ಅಭಿಪ್ರಾಯ.