ಕಂದಕ ಕಂಡ ಇಂಗ್ಲಿಷ್ ಮೇಷ್ಟ್ರು

ಹತ್ತನೆಯ ತರಗತಿಯ ಫಲಿತಾಂಶ ಬಂದ ವಾರ ಶಾಲೆಗೆ ಬರುವ ಪಾಲಕರ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಸಾರ್, ನಮ್ಮ ಹುಡುಗನಿಗೆ ಸೈನ್ಸ್ ಸಿಗುತ್ತದೆಯೇ?’ ಸಿಗದಿದ್ದರೆ ಕಾಮರ್ಸ್, ಅದೂ ಆಗದಿದ್ದರೆ ಆರ್ಟ್ಸ್. ಸಾಹಿತ್ಯ ಓದಬೇಕೆಂದು ಹುಡುಗ ತಾನಾಗಿ ಬಾಯಿಬಿಟ್ಟರೆ ‘ಅದನ್ನು ಓದಿ ಹೊಟ್ಟೆಗೇನು ಮಾಡುತ್ತೀ?’ ಎಂಬ ಮಾತು ಸಿದ್ಧವಾಗಿರುತ್ತದೆ. ವಿಜ್ಞಾನ ಪಾಠ ಮಾಡುವ ನಾನೂ ಆ ಮಾತನ್ನು ಆಡಿದವನೇ. ಆದ್ದರಿಂದಲೇ ಜೆಫ್ರಿ ಮೂರ್ ಎಂಬ ಅಮೆರಿಕನ್ನರ ಕಥೆ ನನ್ನನ್ನು ಯೋಚನೆಗೆ ಹಚ್ಚಿತು.

ಮೂರ್ ಹುಟ್ಟಿದ್ದು 1946ರಲ್ಲಿ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ಓದಿದ್ದು ಎಂಜಿನಿಯರಿಂಗ್ ಅಲ್ಲ, ಅಮೆರಿಕನ್ ಸಾಹಿತ್ಯ. ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಪಡೆದ ಪಿಎಚ್.ಡಿ. ಕೂಡ ಇಂಗ್ಲಿಷ್ ಸಾಹಿತ್ಯದಲ್ಲೇ. ನಂತರ ಮಿಷಿಗನ್ ರಾಜ್ಯದ ಓಲಿವೆಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾದರು. ಆ ಕೆಲಸ ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದು ಕಂಪ್ಯೂಟರ್ ಸೇವಾ ಸಂಸ್ಥೆ ಸೇರಿದಾಗ ಅವರಿಗೆ ಸಿಕ್ಕಿದ್ದು ತರಬೇತಿ ನೀಡುವ ಕೆಲಸ. ಅಲ್ಲಿಂದ ಮಾರಾಟಕ್ಕೆ, ಮಾರಾಟದಿಂದ ಮಾರ್ಕೆಟಿಂಗ್‌ಗೆ ಒಂದೊಂದೇ ಮೆಟ್ಟಿಲು ಹತ್ತಿದರು. ಕೊನೆಗೆ ಸಿಲಿಕಾನ್ ಕಣಿವೆಯ ಹೆಸರಾಂತ ಸಲಹಾ ಸಂಸ್ಥೆ ರೆಜಿಸ್ ಮೆಕೆನ್ನಾಕ್ಕೆ ಬಂದರು. ಇಂಟೆಲ್, ಆಪಲ್ ಕಂಪನಿಗಳಿಗೆ ಮಾರ್ಕೆಟಿಂಗ್ ಸಲಹೆ ನೀಡಿದ್ದ ಸಂಸ್ಥೆ ಅದು.

ಅಲ್ಲಿ ಎದುರಾದ ಪ್ರಶ್ನೆಯೊಂದು ಅವರ ಪುಸ್ತಕಕ್ಕೆ ಕಾರಣವಾಯಿತು. ಒಳ್ಳೆಯ ಹೊಸ ಯಂತ್ರ, ಒಳ್ಳೆಯ ಹೊಸ ಸಾಫ್ಟ್‌ವೇರ್. ಮೊದಲ ಕೆಲವು ಗಿರಾಕಿಗಳು ಮೆಚ್ಚಿ ಕೊಳ್ಳುತ್ತಾರೆ. ಪತ್ರಿಕೆಗಳು ಹೊಗಳುತ್ತವೆ. ಆಮೇಲೆ ಇದ್ದಕ್ಕಿದ್ದಂತೆ ಮಾರಾಟ ನಿಂತುಹೋಗುತ್ತದೆ. ಏಕೆ?

ಜೋಳದ ಹೊಲದ ಪಾಠ

ಉತ್ತರದ ಬೇರು ಅಯೋವಾ ರಾಜ್ಯದ ಮುಸುಕಿನ ಜೋಳದ ಹೊಲಗಳಲ್ಲಿದೆ. ಅಲ್ಲಿಗೆ ಹೈಬ್ರಿಡ್ ಬೀಜ ಬಂದಿದ್ದು 1928ರ ಸುಮಾರಿಗೆ. ಇಳುವರಿ ಹೆಚ್ಚು, ಬರ ತಡೆಯುವ ಶಕ್ತಿಯೂ ಹೆಚ್ಚು. ಆದರೂ ರೈತರು ಓಡಿಬಂದು ಕೊಳ್ಳಲಿಲ್ಲ. ಹೈಬ್ರಿಡ್ ಬೆಳೆಯಿಂದ ಬೀಜ ತೆಗೆದಿಟ್ಟು ಮತ್ತೆ ಬಿತ್ತಿದರೆ ಮುಂದಿನ ಪೀಳಿಗೆಯಲ್ಲಿ ಆ ಕಸುವು ಕುಗ್ಗುತ್ತದೆ. ವರ್ಷವರ್ಷವೂ ದುಡ್ಡು ಕೊಟ್ಟು ಬೀಜ ತರಬೇಕು. ರಯಾನ್ ಮತ್ತು ಗ್ರಾಸ್ ಎಂಬ ಸಂಶೋಧಕರು ಈ ರೈತರನ್ನು ವಿಚಾರಿಸಿ 1943ರಲ್ಲಿ ವರದಿ ಪ್ರಕಟಿಸಿದರು. 259 ರೈತರಲ್ಲಿ ಇಬ್ಬರನ್ನು ಬಿಟ್ಟು ಉಳಿದವರೆಲ್ಲ 1941ರ ಹೊತ್ತಿಗೆ ಹೊಸ ಬೀಜಕ್ಕೆ ಬಂದಿದ್ದರು. ಆದರೆ ಬೀಜದ ಸುದ್ದಿ ಕಿವಿಗೆ ಬಿದ್ದ ದಿನದಿಂದ ಬಿತ್ತುವ ತೀರ್ಮಾನಕ್ಕೆ ಹಿಡಿದ ಕಾಲ ಸರಾಸರಿ ಸುಮಾರು 9 ವರ್ಷ! ಮಾರಾಟಗಾರನ ಮಾತಿಗಿಂತ ಪಕ್ಕದ ಹೊಲದವನ ಮಾತೇ ರೈತರ ಮನಸ್ಸನ್ನು ಒಲಿಸಿತ್ತು.

ಅದೇ ಅಯೋವಾದ ರೈತನ ಮಗ ಎವರೆಟ್ ರಾಜರ್ಸ್. ಅವರ ತಂದೆಯೂ ಹೈಬ್ರಿಡ್ ಬೀಜವನ್ನು ನಂಬದೆ ಕುಳಿತಿದ್ದವರು. 1936ರ ಬರದಲ್ಲಿ ನೆರೆಯವರ ಹೈಬ್ರಿಡ್ ಬೆಳೆ ನಿಂತಿತು, ಇವರದು ಒಣಗಿತು. ಆ ಹುಡುಗ ಬೆಳೆದು ಸಮಾಜವಿಜ್ಞಾನಿಯಾಗಿ 1962ರಲ್ಲಿ ಹೊಸತು ಜನರ ನಡುವೆ ಹೇಗೆ ಹರಡುತ್ತದೆ ಎಂಬ ಬಗ್ಗೆ ಪುಸ್ತಕ ಬರೆದರು. ಹೊಸತನ್ನು ಒಪ್ಪಿಕೊಳ್ಳುವವರನ್ನು ಅವರು ಗಂಟೆಯಾಕಾರದ ರೇಖೆಯ ಮೇಲೆ ಐದು ಗುಂಪು ಮಾಡಿದರು: ಮೊದಲ ಸಾಹಸಿಗಳು ಶೇ 2.5, ಅವರ ಹಿಂದೆ ಬರುವ ಮುಂಚೂಣಿಯವರು ಶೇ 13.5, ನೋಡಿ ನಡೆಯುವವರು ಶೇ 34, ಅನುಮಾನದಿಂದಲೇ ಬರುವವರು ಶೇ 34, ಕಟ್ಟಕಡೆಯವರು ಶೇ 16. ಗಣಿತದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಕಲಿತ ವಿದ್ಯಾರ್ಥಿಗೆ ಈ ಅಂಕಿಗಳು ಎಲ್ಲಿಂದ ಬಂದವೆಂದು ಕೂಡಲೇ ಹೊಳೆಯುತ್ತದೆ.

ರೇಖೆಯ ನಡುವೆ ಬಿರುಕು

1991ರಲ್ಲಿ ಹೊರಬಂದ ‘ಕ್ರಾಸಿಂಗ್ ದ ಕ್ಯಾಸಮ್’ ಪುಸ್ತಕದಲ್ಲಿ ಮೂರ್ ವಾದಿಸಿದ್ದು ಇಷ್ಟು: ಕಂಪ್ಯೂಟರಿನಂಥ ಹೊಸ ತಂತ್ರಜ್ಞಾನದ ವಿಷಯದಲ್ಲಿ ಈ ರೇಖೆ ಎಡೆಬಿಡದೆ ಸಾಗುವುದಿಲ್ಲ. ಎರಡನೆಯ ಹಾಗೂ ಮೂರನೆಯ ಗುಂಪಿನ ನಡುವೆ ದೊಡ್ಡ ಕಂದಕವಿದೆ. ಮುಂಚೂಣಿಯವರು ಕನಸು ಕೊಳ್ಳುತ್ತಾರೆ, ಕೊರತೆಗಳನ್ನು ಸಹಿಸುತ್ತಾರೆ. ನೋಡಿ ನಡೆಯುವವರಿಗೆ ಕನಸು ಬೇಡ, ಕೆಟ್ಟುನಿಲ್ಲದ ವಸ್ತು ಬೇಕು. ಅವರು ಕೇಳುವುದು ತಮ್ಮಂಥವರ ಅನುಭವವನ್ನೇ. ಆದರೆ ತಮ್ಮಂಥವರು ಯಾರೂ ಇನ್ನೂ ಕೊಂಡೇ ಇಲ್ಲ!

ದಾಟುವುದು ಹೇಗೆ? ಎಲ್ಲರಿಗೂ ಮಾರಲು ಹೋಗಬೇಡಿ, ಒಂದು ಚಿಕ್ಕ ಗುಂಪಿನ ಒಂದು ದೊಡ್ಡ ಕಷ್ಟವನ್ನು ಪೂರ್ತಿಯಾಗಿ ಪರಿಹರಿಸಿ ಎಂಬುದು ಅವರ ಸಲಹೆ. 1944ರಲ್ಲಿ ಮಿತ್ರಪಡೆಗಳು ಯೂರೋಪನ್ನು ಬಿಡಿಸಿಕೊಳ್ಳಲು ಮೊದಲು ನಾರ್ಮಂಡಿಯ ಕಡಲತೀರ ಹಿಡಿದ ಉದಾಹರಣೆಯನ್ನು ಅವರು ಕೊಡುತ್ತಾರೆ. ಡಾಕ್ಯುಮೆಂಟಮ್ ಎಂಬ ಕಂಪನಿ ಹಾಗೆಯೇ ಮಾಡಿತು. ಕಡತ ನಿರ್ವಹಣೆಯ ತನ್ನ ಸಾಫ್ಟ್‌ವೇರನ್ನು ಅದು ದೊಡ್ಡ ಔಷಧ ಕಂಪನಿಗಳ ಒಂದೇ ವಿಭಾಗಕ್ಕೆ ಹಿಡಿದುಕೊಂಡು ಹೋಯಿತು. ಹೊಸ ಔಷಧಿಗೆ ಸರ್ಕಾರದ ಅನುಮತಿ ಕೋರುವ ವಿಭಾಗ ಅದು. ಅಂಥ ಒಂದು ಅರ್ಜಿಯೇ 2 ಲಕ್ಷದಿಂದ 5 ಲಕ್ಷ ಪುಟ! ಅರ್ಜಿ ತಡವಾದಷ್ಟು ದಿನ ಪೇಟೆಂಟ್ ಅವಧಿ ವ್ಯರ್ಥವಾಗುತ್ತದೆ. ಆ ಸಂಕಟ ನೀಗಿಸಿದ ಮೇಲೆ ಬೇರೆ ಉದ್ಯಮಗಳ ಬಾಗಿಲು ತಾನಾಗಿ ತೆರೆಯಿತು.

ಪುಸ್ತಕ 5,000 ಪ್ರತಿ ಹೋದರೆ ಹೆಚ್ಚು ಎಂಬ ಅಂದಾಜಿತ್ತು. ಹತ್ತು ವರ್ಷ ಕಳೆಯುವಷ್ಟರಲ್ಲಿ ಮಾರಾಟ 3 ಲಕ್ಷ ದಾಟಿತು. 2014ರಲ್ಲಿ ಮೂರನೆಯ ಪರಿಷ್ಕೃತ ಮುದ್ರಣ ಬಂತು. ಎಲ್ಲರೂ ಒಪ್ಪಿದರೆಂದಲ್ಲ. ಗುಂಪುಗಳ ನಡುವೆ ಇಂಥ ಕಂದಕವಿದೆ ಎನ್ನಲು ಸಂಶೋಧನೆಯ ಆಧಾರವಿಲ್ಲ ಎಂದು ಸ್ವತಃ ರಾಜರ್ಸ್ ತಮ್ಮ ಪುಸ್ತಕದ ನಂತರದ ಆವೃತ್ತಿಯಲ್ಲಿ ಬರೆದರು. ಅಳೆದು ನೋಡುವ ವಿಜ್ಞಾನಿಯ ಮಾತು ಒಂದು ಕಡೆ, ವ್ಯವಹಾರದಲ್ಲಿ ಪೆಟ್ಟು ತಿಂದು ಕಲಿತವರ ಮಾತು ಇನ್ನೊಂದು ಕಡೆ. ವಿದ್ಯಾರ್ಥಿಗಳು ಎರಡನ್ನೂ ತಿಳಿದಿರಬೇಕು.

ಸಾಹಿತ್ಯ ಏನು ಕೊಟ್ಟಿತು?

ಕಣಿವೆಯಲ್ಲಿ ಮೂರ್ ಅವರಿಗಿಂತ ಹೆಚ್ಚು ತಂತ್ರಜ್ಞಾನ ಬಲ್ಲವರು ಸಾವಿರಾರು ಮಂದಿ ಇದ್ದರು. ಆದರೆ ಗಿರಾಕಿಯ ಮನಸ್ಸನ್ನು ಓದಿ, ಒಂದು ಉಪಮೆಯಲ್ಲಿ ಹಿಡಿದು, ಇನ್ನೂರು ಚಿಲ್ಲರೆ ಪುಟಗಳಲ್ಲಿ ಸರಳವಾಗಿ ಬರೆಯಲು ಬೇಕಾಗಿದ್ದು ಬೇರೆ ಅಭ್ಯಾಸ. ಕಾದಂಬರಿಗಳನ್ನು ಓದಿ ಓದಿಸಿದ ವರ್ಷಗಳು ಅಲ್ಲಿ ಕೈಹಿಡಿದವೆಂದು ನನ್ನ ನಂಬಿಕೆ. ಹಾಗೆಂದು ಸಾಹಿತ್ಯದ ಪದವಿಯೊಂದೇ ಅವರನ್ನು ದಡ ಸೇರಿಸಲಿಲ್ಲ. ಕಾಲೇಜು ಬಿಟ್ಟ ಮೇಲೆ ಹೊಸ ಕಸುಬನ್ನು ಬುಡದಿಂದ ಕಲಿತರು. ಪುಸ್ತಕ ಬಂದಾಗ ಅವರಿಗೆ ಸುಮಾರು 45 ವರ್ಷ.

ಪಾಲಕರಲ್ಲಿ ನನ್ನ ಕೋರಿಕೆ ಇಷ್ಟೇ. ಮಗ ಸೈನ್ಸ್ ತೆಗೆದುಕೊಂಡನೆಂದು ಅವನ ಕೈಯಿಂದ ಕಥೆಪುಸ್ತಕ ಕಸಿಯಬೇಡಿ. ಮಗಳು ಸಾಹಿತ್ಯ ಕೇಳಿದಳೆಂದು ಎಲ್ಲ ಬಾಗಿಲೂ ಮುಚ್ಚಿತೆಂದು ಅಳಬೇಡಿ. ಜೊತೆಗೆ ಅಂಕಿಸಂಖ್ಯೆಯನ್ನೂ ಕಲಿ ಎನ್ನಿ. ವಿದ್ಯಾರ್ಥಿಗಳೇ, ಈ ಭಾನುವಾರ ಒಂದು ಕೆಲಸ ಮಾಡಿ. ಪ್ರಯೋಗಾಲಯದಲ್ಲಿ ಮಾಡಿದ ಒಂದು ಪ್ರಯೋಗವನ್ನು ಒಂದೇ ಪುಟದಲ್ಲಿ ಬರೆದು ಅಜ್ಜಿಗೆ ಓದಿ ಹೇಳಿ. ಅಜ್ಜಿ ತಲೆದೂಗಿ ಎರಡು ಪ್ರಶ್ನೆ ಕೇಳಿದರೆ ಆ ಪ್ರಯೋಗ ನಿಮಗೆ ಅರ್ಥವಾಗಿದೆ ಎಂದು ತಿಳಿಯಿರಿ.