ಗ್ರಂಥಸೂಚಿಯ ಕೋಷ್ಟಕವೂ ಸಂಬಂಧಜಾಲವೂ

ಮೂಡಬಿದಿರೆಯ ಜೈನಮಠವೇ ಮೊದಲಾದ ಭಂಡಾರಗಳಲ್ಲಿರುವ ತಾಡೋಲೆಗಳ ವಿವರವು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ಯ ಮೂಲಕ 1948ರಲ್ಲಿ ವಿದ್ವಲ್ಲೋಕಕ್ಕೆ ದೊರೆಯಿತು. ಇಂತಹ ಸೂಚಿಗಳನ್ನು ಈಗ ಗಣಕಯಂತ್ರದ ಸ್ಪ್ರೆಡ್‌ಶೀಟಿನಲ್ಲಿ, ಎಂದರೆ ಸಾಲು ಕಂಬಗಳುಳ್ಳ ಕೋಷ್ಟಕದಲ್ಲಿ, ಬರೆದಿಡುವುದು ರೂಢಿಯಾಗಿದೆ. ಒಂದೊಂದು ಓಲೆಕಟ್ಟಿಗೆ ಒಂದೊಂದು ಸಾಲು. ಗ್ರಂಥನಾಮ, ಕರ್ತೃ, ಭಾಷೆ, ಲಿಪಿ, ಗರಿಗಳ ಸಂಖ್ಯೆ, ಭಂಡಾರ ಎಂದು ಕಂಬಗಳು. ಎಣಿಕೆಗೆ ಇಷ್ಟು ಸಾಕು, ಸಂಶೋಧನೆಗೆ ಸಾಲದು.

ಏಕೆಂದರೆ, ಮೂಡಬಿದಿರೆಯ ಭಂಡಾರಕ್ಕೆ ಕೀರ್ತಿತಂದ ಜಯಧವಲೆಯನ್ನೇ ನೋಡಬಹುದು. ಗುಣಧರಾಚಾರ್ಯನ ಕಸಾಯಪಾಹುಡಕ್ಕೆ ಅದು ಟೀಕೆ. ಅದನ್ನು ಆರಂಭಿಸಿದವನು ವೀರಸೇನ, ಶಕ 759ರಲ್ಲಿ, ಎಂದರೆ ಕ್ರಿ. ಶ. 837ರಲ್ಲಿ, ಮುಗಿಸಿದವನು ಅವನ ಶಿಷ್ಯ ಜಿನಸೇನ. ಭಾಷೆ ಪ್ರಾಕೃತ ಸಂಸ್ಕೃತಗಳ ಮಿಶ್ರಣ. ಓಲೆಯ ಲಿಪಿ ಹಳಗನ್ನಡ. ‘ಕರ್ತೃ’ ಎಂಬ ಒಂದೇ ಮನೆಯಲ್ಲಿ ಈ ಮೂವರನ್ನೂ ತುಂಬಿದರೆ ಯಾರು ಮೂಲಕಾರ, ಯಾರು ಟೀಕಾಕಾರ, ಯಾರು ಯಾರ ಶಿಷ್ಯ ಎಂಬ ವಿವೇಕವೇ ಅಳಿದುಹೋಗುವುದು.

ಗ್ರಾಫ್ ಡೇಟಾಬೇಸ್ ಎಂಬ ಸಾಧನವು ಈ ಕೊರತೆಯನ್ನು ನೀಗಿಸುತ್ತದೆ. ಇದರಲ್ಲಿ ವ್ಯಕ್ತಿ, ಕೃತಿ, ಓಲೆಕಟ್ಟು, ಸ್ಥಳ ಇವೆಲ್ಲ ಬಿಡಿಬಿಡಿಯಾದ ಬಿಂದುಗಳು; ಅವುಗಳ ನಡುವಣ ಸಂಬಂಧಗಳು ಹೆಸರುಳ್ಳ ರೇಖೆಗಳು. ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಇದು ಅಪೂರ್ವವೆನಿಸದು. ‘ಭೂತಲದಲ್ಲಿ ಘಟ’ ಎಂಬಲ್ಲಿ ಘಟವು ಸಂಬಂಧಕ್ಕೆ ಪ್ರತಿಯೋಗಿ, ಭೂತಲವು ಅನುಯೋಗಿ ಎಂದು ನೈಯಾಯಿಕರು ಹೇಳುವರಷ್ಟೆ. ಇಲ್ಲಿಯೂ ಪ್ರತಿಯೊಂದು ರೇಖೆಗೆ ಹೊರಡುವ ತುದಿ ಒಂದು, ಸೇರುವ ತುದಿ ಒಂದು. ‘ಭಂಡಾರದಲ್ಲಿ ಓಲೆ’ ಎಂಬುದನ್ನು ತಿರುಗಿಸಿ ಬರೆದರೆ ಓಲೆಯಲ್ಲಿ ಭಂಡಾರವಿದ್ದಂತಾಗುವುದು. ರೇಖೆಗೂ ತನ್ನದೇ ಆದ ವಿಶೇಷಣಗಳನ್ನು ಕೊಡಬಹುದು ಎಂಬುದು ಇದರ ದೊಡ್ಡ ಸೌಕರ್ಯ.

ಕೋಷ್ಟಕವನ್ನು ಈ ಜಾಲಕ್ಕೆ ತರುವ ಕ್ರಮ ಹೀಗಿದೆ. ಮೊದಲು ಹಾಳೆಯನ್ನು ಸಿಎಸ್‌ವಿ ಎಂಬ, ಅಲ್ಪವಿರಾಮಗಳಿಂದ ಬೇರ್ಪಟ್ಟ ಸರಳ ಬರಹವಾಗಿ ಉಳಿಸಬೇಕು. ನಿಯೋಫೋರ್‌ಜೆ ಎಂಬ ಪ್ರಸಿದ್ಧ ಡೇಟಾಬೇಸಿನಲ್ಲಿ ‘ಲೋಡ್ ಸಿಎಸ್‌ವಿ’ ಎಂಬ ಆಜ್ಞೆಯು ಅದನ್ನು ಸಾಲುಸಾಲಾಗಿ ಓದುವುದು. ‘ಕ್ರಿಯೇಟ್’ ಎಂದರೆ ಪ್ರತಿಸಲವೂ ಹೊಸ ಬಿಂದು ಹುಟ್ಟುವುದು. ‘ಮರ್ಜ್’ ಎಂದರೆ ಇದ್ದರೆ ಅದನ್ನೇ ಹಿಡಿದು, ಇಲ್ಲದಿದ್ದರೆ ಮಾತ್ರ ಹುಟ್ಟಿಸುವುದು. ಆದರೆ ಮರ್ಜ್ ತನಗೆ ಕೊಟ್ಟ ವಾಕ್ಯವನ್ನು ಇಡಿಯಾಗಿಯೇ ಹುಡುಕುತ್ತದೆ. ವ್ಯಕ್ತಿ, ರೇಖೆ, ಕೃತಿ ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಿದಾಗ ರೇಖೆಯೊಂದು ಇಲ್ಲವಾದರೂ ಮೂರನ್ನೂ ಹೊಸದಾಗಿ ನಿರ್ಮಿಸಹೊರಡುವುದು. ಆದುದರಿಂದ ಮೊದಲು ಬಿಂದುಗಳನ್ನು ಬೇರೆ ಬೇರೆಯಾಗಿ ನಿಲ್ಲಿಸಿ, ಅನಂತರ ರೇಖೆಯನ್ನು ಎಳೆಯುವುದೇ ಯುಕ್ತ.

ನಿಜವಾದ ತೊಡಕು ಆಜ್ಞೆಯಲ್ಲಿಲ್ಲ, ಹೆಸರಿನಲ್ಲಿದೆ. ಮರ್ಜ್ ಯಾವುದನ್ನು ನೋಡಿ ‘ಇದೇ ಅದು’ ಎಂದು ನಿರ್ಣಯಿಸಬೇಕು? ಹೆಸರನ್ನು ನೋಡಿ ಎಂದರೆ ರತ್ನಾಕರವರ್ಣಿಯೂ ರತ್ನಾಕರಸಿದ್ಧನೂ ಇಬ್ಬರಾಗುವರು. ಮೂಡಬಿದಿರೆ, ಮೂಡುಬಿದಿರೆ, ವೇಣುಪುರ ಇವು ಮೂರು ಊರುಗಳಾಗುವುವು. ಇದಕ್ಕಿಂತ ಕೆಡುಕಾದುದು ಇದರ ವಿಪರ್ಯಯ. ಜಯಧವಲೆಯನ್ನು ಮುಗಿಸಿದ ಜಿನಸೇನನೇ ಬೇರೆ, ಶಕ 705ರಲ್ಲಿ ಹರಿವಂಶಪುರಾಣವನ್ನು ರಚಿಸಿದ ಪುನ್ನಾಟಸಂಘದ ಜಿನಸೇನನೇ ಬೇರೆ. ಹೆಸರನ್ನು ನಂಬಿದ ಯಂತ್ರವು ಇಬ್ಬರನ್ನೂ ಒಂದುಗೂಡಿಸಿ, ಹರಿವಂಶದ ಕರ್ತೃವನ್ನು ವೀರಸೇನನ ಶಿಷ್ಯನನ್ನಾಗಿ ಮಾಡಿಬಿಡುವುದು. ಹರಿವಂಶಕಾರನು ತನ್ನ ಗ್ರಂಥಾರಂಭದಲ್ಲಿ ಆ ಇನ್ನೊಬ್ಬ ಜಿನಸೇನನನ್ನು ಸ್ತುತಿಸಿದ್ದಾನೆ. ಈ ಯಂತ್ರದ ಲೆಕ್ಕದಲ್ಲಿ ಅದು ಆತ್ಮಸ್ತುತಿಯಾಗಿ ಪರಿಣಮಿಸೀತು! ಎರಡಾದುದನ್ನು ಮುಂದೆ ಕೂಡಿಸಬಹುದು. ಬೆರೆತುಹೋದುದನ್ನು ಬಿಡಿಸುವುದು ಬಹುಕಷ್ಟ. ಹೀಗಿರಲು ಪ್ರತಿಯೊಬ್ಬ ವ್ಯಕ್ತಿಗೂ ಕೃತಿಗೂ ಕಟ್ಟಿಗೂ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆಯನ್ನು ಕೋಷ್ಟಕದಲ್ಲಿಯೇ ಕೊಟ್ಟು, ಆ ಸಂಖ್ಯೆ ಎರಡು ಬಾರಿ ಬರಕೂಡದೆಂಬ ನಿಯಮವನ್ನು ಡೇಟಾಬೇಸಿನಲ್ಲಿ ಮೊದಲೇ ವಿಧಿಸಿ, ಹೆಸರುಗಳನ್ನೆಲ್ಲ ವಿಶೇಷಣಗಳಾಗಿ ಇಡಬೇಕು. ಸಂಖ್ಯೆಯನ್ನು ಕೊಡುವವನು ಯಂತ್ರವಲ್ಲ, ವಿದ್ವಾಂಸ.

ಲಿಪಿಯ ಸೂಕ್ಷ್ಮವೂ ಉಂಟು. ಯೂನಿಕೋಡಿನಲ್ಲಿ ‘ಕೋ’ ಎಂಬ ಅಕ್ಷರದ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಯಂತ್ರಕ್ಕೆ ಎರಡು. ಹಾಳೆಯನ್ನು ಯುಟಿಎಫ್-8 ರೂಪದಲ್ಲಿ ಉಳಿಸದಿದ್ದರೆ ಕನ್ನಡವೆಲ್ಲ ಪ್ರಶ್ನಚಿಹ್ನೆಗಳ ಸಾಲಾಗಿಬಿಡುವುದೂ ಉಂಟು. ಗರಿ 12, ಪಂಕ್ತಿ 3 ಎಂಬುದನ್ನು ‘12-3’ ಎಂದು ಬರೆದರೆ ಎಕ್ಸೆಲ್ ಅದನ್ನು ತಾರೀಖೆಂದು ಭ್ರಮಿಸುವುದು. ಅದಲ್ಲದೆ ಲೋಡ್ ಸಿಎಸ್‌ವಿ ಅಂಕೆಗಳನ್ನೂ ಬರಹವೆಂದೇ ಓದುವುದರಿಂದ ಗರಿಗಳ ಸಂಖ್ಯೆಯನ್ನು ಪ್ರತ್ಯೇಕವಾಗಿ ಸಂಖ್ಯೆಯಾಗಿಸಬೇಕು.

ಇನ್ನು ತಿದ್ದುಪಡಿಯ ವಿಚಾರ. ವ್ಯಾಕರಣವನ್ನು ಪಾಠಹೇಳುವವರು ಆಗಮ, ಆದೇಶ, ಲೋಪಗಳ ಭೇದವನ್ನು ಬಲ್ಲರು: ಆಗಮವು ಮಿತ್ರನಂತೆ ಪಕ್ಕದಲ್ಲಿ ಬಂದು ಕೂಡುವುದು, ಆದೇಶವು ಶತ್ರುವಿನಂತೆ ಇದ್ದುದನ್ನು ನೂಕಿ ಆ ಸ್ಥಾನದಲ್ಲಿ ನಿಲ್ಲುವುದು. ಸಂಬಂಧಗಳ ವಿಷಯದಲ್ಲಿ ಮರ್ಜ್ ಆಗಮವನ್ನು ಮಾತ್ರ ಬಲ್ಲುದು. ಉದಾಹರಣೆಗೆ, ಕೆ. ಬಿ. ಪಾಠಕರು 1898ರಲ್ಲಿ ಮುದ್ರಿಸಿದ ಕವಿರಾಜಮಾರ್ಗದ ಕರ್ತೃವೆಂದು ಕೋಷ್ಟಕದಲ್ಲಿ ಮೊದಲು ನೃಪತುಂಗನಿದ್ದು, ಬಳಿಕ ಅಲ್ಲಿ ಶ್ರೀವಿಜಯನೆಂದು ತಿದ್ದಿ ಮತ್ತೆ ಹಾಳೆಯನ್ನು ಓದಿಸಿದರೆ, ಹಳೆಯ ರೇಖೆ ಅಳಿಯದೆ ಹೊಸ ರೇಖೆಯೂ ಸೇರಿ ಇಬ್ಬರು ಕರ್ತೃಗಳಾಗುವರು. ಆದೇಶ ಬೇಕಾದರೆ ಹಳೆಯ ರೇಖೆಯನ್ನು ಹುಡುಕಿ ಅಳಿಸುವ ಆಜ್ಞೆಯನ್ನು ಬೇರೆಯಾಗಿಯೇ ಕೊಡಬೇಕು. ಆದರೆ ಸಾಹಿತ್ಯಚರಿತ್ರೆಯಲ್ಲಿ ಪೂರ್ವಪಕ್ಷವನ್ನು ಅಳಿಸುವುದು ನ್ಯಾಯವೇ? ಎರಡು ರೇಖೆಗಳನ್ನೂ ಉಳಿಸಿ, ಒಂದೊಂದಕ್ಕೂ ‘ಮತ’, ‘ಆಧಾರ’, ‘ವರ್ಷ’ ಎಂಬ ವಿಶೇಷಣಗಳನ್ನು ಕೊಡುವುದೇ ಮೇಲು.

ಲೋಪದಲ್ಲಿ ಇದಕ್ಕೆ ವಿರುದ್ಧವಾದ ಅಪಾಯ. ಖಾಲಿ ಮನೆಯನ್ನು ಯಂತ್ರವು ‘ನಲ್’ ಎಂದು ಓದುವುದು. ಅದನ್ನು ಬಿಂದುವಿನ ವಿಶೇಷಣಕ್ಕೆ ವಿಧಿಸಿದರೆ ಮೊದಲಿದ್ದ ಮಾಹಿತಿ ಅಳಿಯುತ್ತದೆ. ಧರ್ಮಸ್ಥಳವೇ ಮುಂತಾದ ಬೆಳ್ತಂಗಡಿ ಸೀಮೆಯ ಸಂಗ್ರಹಗಳಿಂದಲೋ ಬಂಟ್ವಾಳದ ಕಡೆಯ ಮನೆತನಗಳಿಂದಲೋ ಬಂದ ಎರಡನೆಯ ಪಟ್ಟಿಯಲ್ಲಿ ಲಿಪಿಕಾಲದ ಕಂಬವನ್ನು ‘ಗೊತ್ತಿಲ್ಲ’ ಎಂಬ ಭಾವದಿಂದ ಬಿಟ್ಟಿದ್ದರೆ, ಮೊದಲನೆಯವನು ಶ್ರಮಪಟ್ಟು ಓದಿದ ಕಾಲವೂ ಹೋಗುವುದು. ಹೊಸಬೆಲೆ ಇದ್ದರೆ ಅದನ್ನು, ಇಲ್ಲವಾದರೆ ಹಳೆಯದನ್ನು ಹಿಡಿಯುವ ‘ಕೋಲೆಸ್’ ಎಂಬ ಕ್ರಿಯೆಯಿಂದ ಇದನ್ನು ತಡೆಯಬಹುದು. ಇತ್ತ, ಹಾಳೆಯಿಂದ ಒಂದು ಸಾಲನ್ನೇ ತೆಗೆದರೂ ಜಾಲದಲ್ಲಿ ಅದರ ಬಿಂದು ಹಾಗೆಯೇ ನಿಂತಿರುವುದು. ಆದುದರಿಂದ ಪ್ರತಿಸಲ ಓದಿಸುವಾಗಲೂ ಆ ಹಾಳೆಯ ಬಿಂದುಗಳಿಗೆಲ್ಲ ಅಂದಿನ ತಾರೀಖನ್ನು ಅಂಟಿಸಿ, ಹಳೆಯ ತಾರೀಖಿನಲ್ಲಿಯೇ ಉಳಿದವನ್ನು ಹೊರತೆಗೆದು, ಓಲೆ ನಿಜವಾಗಿ ಕಾಣೆಯಾಯಿತೋ ಲಿಪಿಕಾರನು ಸಾಲನ್ನು ಬಿಟ್ಟನೋ ಎಂದು ಭಂಡಾರಕ್ಕೆ ಹೋಗಿ ನೋಡಿ ನಿರ್ಣಯಿಸತಕ್ಕುದು.

ಸ್ಥಳದ ಬಿಂದುಗಳಿಗೂ ಇದೇ ಎಚ್ಚರ ಬೇಕು. ಹಿಂದೆ ಕಾರ್ಕಳ ತಾಲೂಕಿಗೂ ಬಳಿಕ ಮಂಗಳೂರು ತಾಲೂಕಿಗೂ ಸೇರಿದ್ದ ಮೂಡಬಿದಿರೆ ಈಗ ತಾನೇ ಒಂದು ತಾಲೂಕು. ಹಳೆಯ ಶಾಸನಸಂಪುಟವನ್ನೂ ಹೊಸ ಪಟ್ಟಿಯನ್ನೂ ಒಟ್ಟಿಗೆ ಓದಿಸುವವನು ‘ತಾಲೂಕು’ ಎಂಬ ರೇಖೆಯ ಮೇಲೆ ಕಾಲವನ್ನು ಬರೆಯದಿದ್ದರೆ, ಒಂದೇ ಬಸದಿಯ ಓಲೆಗಳು ಮೂರು ತಾಲೂಕುಗಳಲ್ಲಿ ಚದುರಿರುವಂತೆ ತೋರುವುವು.